ಮೊಳೆ ರೇವಣಪ್ಪ

ಚಿತ್ತಾಪುರದ ಬಜಾರದಲ್ಲಿ ನಿಂತು ಬರೀ ರೇವಣಪ್ಪನ ಮನೆ ಯಾವುದು ಎಂದು ಕೇಳಿದರೆ ನಿಮ್ಮನ್ನು ಐದು ಮನೆ ಸುತ್ತಿಸುತ್ತಾರೆ. ಮೊಳೆ ರೇವಣಪ್ಪ ಎಂದು ಕೇಳಿ ನೋಡಿ, ಯಾರಾದರೊಬ್ಬರು ಕೈಹಿಡಿದು ನನ್ನ ಬಾಗಿಲಿಗೇ ತಂದು ಬಿಡುತ್ತಾರೆ, ದಾರಿಯುದ್ದಕ್ಕೂ ನಗುತ್ತಾ. ನಾನು ಬಡಿಗನಲ್ಲ, ಮೊಳೆಯ ಅಂಗಡಿ ಇಟ್ಟವನೂ ಅಲ್ಲ. ಮಗಳ ಮದುವೆಯಲ್ಲಿ ಬೀಗರು "ಮೊಳಿ ಅಂದ್ರ ಏನ್ರಿ ಅದು?" ಎಂದು ಕೇಳಿದಾಗ ನನ್ನ ಹೆಂಡತಿ ಮಹಾದೇವಮ್ಮ ಹೇಳಲಿಕ್ಕೆ ಕೂತಳು. ಊಟದ ಪಂಕ್ತಿ ಎದ್ದರೂ ಅವಳ ಕಥೆ ಮುಗಿಯಲಿಲ್ಲ. ಅವಳು ಹೇಳುವುದಕ್ಕಿಂತ ನಾನೇ ಹೇಳುವುದು ಮೇಲು. ನಾನಾದರೆ ನನ್ನ ಮೇಲೆ ಸ್ವಲ್ಪ ಕನಿಕರವಿಟ್ಟು ಹೇಳುತ್ತೇನೆ.

ನಾನು ಮೂಲತಃ ಸೇಡಂ ಕಡೆಯ ಕುರಕುಂಟಾದವನು. ಅಪ್ಪನದು ಒಕ್ಕಲುತನ, ನನಗೋ ಎತ್ತಿನ ಬಾಲ ಕಂಡರೆ ಆಗುತ್ತಿರಲಿಲ್ಲ. ಸಿಕಂದರಾಬಾದಿಗೆ ಓಡಿಹೋಗಿ ಒಂದು ಮೋಟಾರು ಕಾರ್ಖಾನೆಯಲ್ಲಿ ಎರಡು ವರ್ಷ ಗಾಡಿ ತೊಳೆದೆ. ಊರಿಗೆ ಬಂದು, ಎರಡು ವರ್ಷ ಇಂಜಿನ್ ಬಿಚ್ಚಿ ಕಟ್ಟಿದೆ ಎಂದೆ. ತೊಳೆಯುವವನು ಗಾಡಿಯನ್ನು ಹೊರಗೆ ತಂದು ಮತ್ತೆ ಒಳಗೆ ನಿಲ್ಲಿಸಬೇಕಲ್ಲ, ಹಾಗಾಗಿ ಓಡಿಸುವುದೇನೋ ಬಂದಿತ್ತು. ಇಂಜಿನಿನ ವಿದ್ಯೆಯನ್ನು ಮಾತ್ರ ಬಕೀಟು ಹಿಡಿದುಕೊಂಡು ದೂರದಿಂದ ನೋಡಿ ಕಲಿತಿದ್ದೆ. ಕುರಕುಂಟಾದಲ್ಲಿ ಅದನ್ನು ಪರೀಕ್ಷೆ ಮಾಡುವವರು ಯಾರಿದ್ದರು?

ಸಾವಿರದ ಒಂಬೈನೂರ ಮೂವತ್ತಾರರಲ್ಲಿ ಚಿತ್ತಾಪುರದ ಅಬ್ದುಲ್ ಸಲಾಂ ಸಾಹೇಬರು ನನ್ನನ್ನು ಡ್ರೈವರನಾಗಿ ಇಟ್ಟುಕೊಂಡರು. ಅವರಿಗೆ ವಾಡಿ, ಶಹಾಬಾದ್ ಕಡೆ ನೆಲಕ್ಕೆ ಹಾಸುವ ಫರ್ಸಿಕಲ್ಲಿನ ಗಣಿಗಳಿದ್ದವು. ನಾಲ್ಕು ಸಿಲಿಂಡರಿನ ಹಳೆಯ ಅಮೆರಿಕದ ಮೋಟಾರನ್ನು ಹೈದರಾಬಾದಿನಿಂದ ತರಿಸಿದ್ದರು. ಸುತ್ತಲಿನ ಊರುಗಳಲ್ಲಿ ಅಂಥದ್ದು ಅದೊಂದೇ. ಹಾಗಾಗಿ ಅಂಥ ಡ್ರೈವರನೂ ನಾನೊಬ್ಬನೇ. ಖಾಕಿ ಕೋಟು ಹಾಕಿಕೊಂಡು ನಾನು ಚಹಾದ ಅಂಗಡಿಗೆ ಹೋದರೆ ಜನ ಸರಿದು ಜಾಗ ಕೊಡುತ್ತಿದ್ದರು. ನನ್ನ ತಲೆ ತಿರುಗಲಿಕ್ಕೆ ಅಷ್ಟು ಸಾಕಾಯಿತು.

ಗಾಡಿಯ ಕೆಲಸಕ್ಕೆ ಇನ್ನೊಬ್ಬನಿದ್ದ, ಅಂಬಾರಾಯ. ವಯಸ್ಸು ನಲವತ್ತೈದರ ಮೇಲೆ, ಮಾತು ಕಡಿಮೆ. ಗಾಡಿ ತೊಳೆಯುವುದು, ಮುಂದೆ ನಿಂತು ಹ್ಯಾಂಡಲ್ ತಿರುಗಿಸಿ ಇಂಜಿನ್ ಎಬ್ಬಿಸುವುದು, ವಾಡಿ ಸ್ಟೇಷನ್ನಿಗೆ ಬರುವ ಪೆಟ್ರೋಲಿನ ಡಬ್ಬಿಗಳನ್ನು ಬಂಡಿಯಲ್ಲಿ ತರುವುದು, ಎಲ್ಲ ಅವನದೇ. ಪ್ರತಿ ಡಬ್ಬಿಯ ಮುಚ್ಚಳವನ್ನು ಮೂಸಿ ನೋಡಿ, ಪೆಟ್ರೋಲನ್ನು ಮಲ್ ಬಟ್ಟೆಯಲ್ಲಿ ಸೋಸಿ ಹಾಕುತ್ತಿದ್ದ. ಅವನ ಹೆಂಡತಿ ಎರಡು ಎಮ್ಮೆ ಕಟ್ಟಿಕೊಂಡು ಬಜಾರದಲ್ಲಿ ಹಾಲು ಮಾರುತ್ತಿದ್ದಳು. ಇಬ್ಬರ ಮೇಲೂ ಊರಿನಲ್ಲಿ ಒಂದು ಕೆಟ್ಟ ಮಾತೂ ಇರಲಿಲ್ಲ, ನಾನು ಆಡುವವರೆಗೆ.

ಈಗ ಪರದೆಯ ವಿಷಯಕ್ಕೆ ಬರುತ್ತೇನೆ. ಸಾಹೇಬರ ಹೆಂಡತಿ ಖುರ್ಷಿದಬೇಗಂ ಅವರಿಗೆ ಮೋಟಾರಿನಲ್ಲಿ ಹಿಂದೆ ಕೂತರೆ ವಾಂತಿ. ಚಿಂಚೋಳಿಗೆ ಹೋಗಿಬರುವಷ್ಟರಲ್ಲಿ ಪಾಪ ಅವರ ಕರುಳೇ ಬಾಯಿಗೆ ಬಂದಿತ್ತು. ಮುಂದೆ ಕೂತರೆ ಏನೂ ಆಗದು. ಆದರೆ ಮುಂದೆ ಡ್ರೈವರನಿದ್ದಾನೆ. ಗೋಷಾದ ಹೆಣ್ಣುಮಗಳು ಪರಗಂಡಸಿನ ಪಕ್ಕ ಕೂಡುವುದುಂಟೇ? ಸಾಹೇಬರು ಎರಡು ದಿನ ಯೋಚಿಸಿ ತೀರ್ಮಾನ ಕೊಟ್ಟರು. ಬೇಗಂ ಮುಂದೆ ಎಡಗಡೆ ಕೂಡಬೇಕು, ಅವರ ಸುತ್ತ ಪರದೆ ಕಟ್ಟಬೇಕು, ಸಾಹೇಬರು ಹಿಂದೆ ಕೂಡಬೇಕು. ಗಾಡಿಯೊಳಗೆ ಒಂದು ಸಣ್ಣ ಡೇರೆ ಹಾಕಿದ ಹಾಗೆ. ಎಡಗಡೆಯಿಂದ ಎಮ್ಮೆ ಬಂದರೂ ಆನೆ ಬಂದರೂ ನನಗೆ ಕಾಣುತ್ತಿರಲಿಲ್ಲ, ಆ ಮಾತು ಬೇರೆ.

ಪರದೆಯ ದಾರ ಕಟ್ಟಲು ನಾಲ್ಕು ಮೊಳೆ ಬೇಕಾದವು. ಅಂಬಾರಾಯ, "ತಡೀರಿ ರೇವಣಪ್ಪನವರ, ಬಡಿಗ್ಯಾನ್ನ ಕರಕೊಂಡು ಬರ್ತೀನಿ. ಆ ಕಂಬದ ಒಳಗ ಏನೇನ್ ಹಾದು ಹೋಗ್ಯಾದೋ ಏನೋ" ಎಂದ.

"ನೀ ಗಾಡಿ ತೊಳಿ. ನಾ ಎರಡು ವರ್ಷ ಇಂಜಿನ್ ಬಿಚ್ಚೀನಿ" ಎಂದೆ ನಾನು.

ಮುಂದಿನ ಗಾಜಿನ ಎಡಬದಿಯಲ್ಲಿ ಮರದ ಕಂಬಕ್ಕೆ ಚರ್ಮದ ಬಣ್ಣದ ಬಟ್ಟೆ ಹೊದಿಸಿದ್ದರು. ಅದರ ನಟ್ಟನಡುವೆ ನಾಲ್ಕಂಗುಲದ ಮೊಳೆ ಇಟ್ಟು ಹೊಡೆದೆ. ಏಳು ಪೆಟ್ಟಿನಲ್ಲಿ ಮೂರು ನನ್ನ ಹೆಬ್ಬೆರಳಿಗೆ ಬಿದ್ದವು. ಅಂಗಳದಲ್ಲಿ ಒಂದು ಸುತ್ತು ಕುಣಿದು ಬಂದು ಉಳಿದ ನಾಲ್ಕನ್ನು ಮೊಳೆಗೆ ಕೊಟ್ಟೆ. ಮಿಕ್ಕ ಮೂರು ಮೊಳೆ ಹೊಡೆದ ಮೇಲೆ ಪರದೆ ಚೆಂದಾಗಿ ನಿಂತಿತು.

ಮರುದಿನದಿಂದ ಗಾಡಿಗೆ ನಡುಕ ಶುರುವಾಯಿತು. ಓಡುವಾಗ ಏನೂ ಇಲ್ಲ, ಸುಖವಾಗಿ ಓಡುವುದು. ಎಲ್ಲಾದರೂ ನಿಲ್ಲಿಸಿ ಇಂಜಿನನ್ನು ಸುಮ್ಮನೆ ಉರಿಯಲು ಬಿಟ್ಟರೆ ಸಾಕು, ಚಳಿಜ್ವರ ಬಂದವನಂತೆ ಗಡಗಡ ನಡುಗಿ, ಎರಡು ಸಲ ಕೆಮ್ಮಿ, ಕಣ್ಣು ಮುಚ್ಚುವುದು. ಸಾಹೇಬರು ಗಣಿಯ ಮುಂದೆ ಗಾಡಿ ನಿಲ್ಲಿಸಿ ಒಳಗಿನಿಂದಲೇ ಮಾತಾಡುವವರು. ನಾಲ್ಕು ಜನರೆದುರು ಅವರ ಹಲ್ಲು ಕಟಕಟ ಎನ್ನುತ್ತಿದ್ದವು. "ರೇವಣಪ್ಪಾ, ಇದೇನಪ? ನೀ ಇಂಜಿನ್ ಬಲ್ಲವ ಅಂತ ಕೇಳೀನಿ" ಎಂದರು. ನಾನು ತೋಳು ಮಡಚಿದೆ.

ಮೊದಲು ಯಾವ ಸಿಲಿಂಡರು ಸೋಮಾರಿ ಎಂದು ಹಿಡಿಯಬೇಕು. ಇಂಜಿನ್ ಓಡುತ್ತಿರುವಾಗಲೇ ಮರದ ಹಿಡಿಯ ತಿರುಪುಳಿಯಿಂದ ಒಂದೊಂದೇ ಪ್ಲಗ್ಗಿನ ತಲೆಯನ್ನು ಇಂಜಿನಿನ ಮೈಗೆ ಮುಟ್ಟಿಸಬೇಕು, ಅದರ ಕಿಡಿ ಸತ್ತುಹೋಗುತ್ತದೆ. ಕೆಲಸ ಮಾಡುವ ಸಿಲಿಂಡರಾದರೆ ನಡುಕ ಇನ್ನೂ ಜಾಸ್ತಿಯಾಗುತ್ತದೆ. ಸೋಮಾರಿಯಾದರೆ ಏನೂ ಫರಕು ಬೀಳುವುದಿಲ್ಲ. ಇದನ್ನು ಸಿಕಂದರಾಬಾದಿನ ಮಿಸ್ತ್ರಿ ಮಾಡುವಾಗ ನೋಡಿದ್ದೆ. ಹಿಡಿ ಸೀಳಿದ್ದರೆ ಏನಾಗುತ್ತದೆ ಎಂಬುದನ್ನು ನೋಡಿರಲಿಲ್ಲ. ಮೊದಲನೆಯ ಪ್ಲಗ್ಗಿಗೇ ಅದು ಗೊತ್ತಾಯಿತು, ಭುಜದವರೆಗೂ ಗೊತ್ತಾಯಿತು. ಅಂಬಾರಾಯ ನನ್ನನ್ನು ನೆಲದಿಂದ ಎಬ್ಬಿಸಿ, ಹಿಡಿಗೆ ಒಣಬಟ್ಟೆ ಸುತ್ತಿ ಕೊಟ್ಟ.

ನಾಲ್ಕನೆಯದೇ ಸೋಮಾರಿ ಎಂದು ಸಿಕ್ಕಿಬಿತ್ತು. ಅದರ ಪ್ಲಗ್ಗನ್ನು ತೆಗೆದು ಒಂದನೆಯದಕ್ಕೆ ಹಾಕಿದೆ, ಒಂದನೆಯದನ್ನು ಇಲ್ಲಿಗೆ ತಂದೆ. ಆದರೂ ನಾಲ್ಕನೆಯದೇ ಸೋಮಾರಿ. ತಂತಿ ಬದಲಿಸಿದೆ, ಅದೇ ಕಥೆ. ತಲೆಯಲ್ಲಿ ಸಾಸಿವೆಯಷ್ಟು ಬುದ್ಧಿಯಿದ್ದವನು ಅಲ್ಲಿ ನಿಂತು ಯೋಚಿಸುತ್ತಿದ್ದ. ಕಿಡಿ ಸರಿಯಾಗಿದೆ, ಹಾಗಾದರೆ ಆ ಒಂದು ಸಿಲಿಂಡರಿಗೆ ಎಲ್ಲಿಂದಲೋ ಬೇಡದ ಗಾಳಿ ಹೋಗುತ್ತಿರಬೇಕು ಎಂದು. ನಾನು ಕಾರ್ಬೊರೇಟರು ಬಿಚ್ಚಿದೆ. ಚಾಪೆಯ ಮೇಲೆ ಇಪ್ಪತ್ತೆರಡು ತುಣುಕು ಹರಡಿ, ಒಂದೊಂದಕ್ಕೂ ಉಫ್ ಎಂದು ಊದಿ, ಮತ್ತೆ ಕಟ್ಟಿದೆ. ಒಂದು ತುಣುಕು ಉಳಿಯಿತು. ಮತ್ತೆ ಬಿಚ್ಚಿ ಕಟ್ಟಿದೆ. ಎರಡು ಉಳಿದವು. ಮೂರನೆಯ ಸಲ ಅಂಬಾರಾಯ ಪಕ್ಕದಲ್ಲಿ ಕೂತು ಒಂದೊಂದಾಗಿ ಎತ್ತಿಕೊಟ್ಟ, ಏನೂ ಉಳಿಯಲಿಲ್ಲ. ನಡುಕ ಮಾತ್ರ ಉಳಿಯಿತು.

ಹೀಗೆ ಇಪ್ಪತ್ತು ದಿನ ಕಳೆದವು. ಚಹಾದ ಅಂಗಡಿಯಲ್ಲಿ ಜನ ಜಾಗ ಕೊಡುವುದರ ಜೊತೆ "ಹ್ಯಾಂಗ್ರಿ, ಗಾಡಿ ಜ್ವರ ಇಳೀತೇನು?" ಎಂದು ಕೇಳಲು ಶುರು ಮಾಡಿದರು. ಆಗ ನನಗೆ ಪೆಟ್ರೋಲು ನೆನಪಾಯಿತು. ಪೆಟ್ರೋಲಿನಲ್ಲಿ ನೀರು ಬೆರೆತಿದ್ದರೆ? ಬೆರೆಸಿದವನು ಯಾರು? ತರುವವನೇ ಅಲ್ಲವೇ? ನಿಜ ಹೇಳುತ್ತೇನೆ, ಆ ಯೋಚನೆ ಬಂದ ಕೂಡಲೇ ಎದೆ ಹಗುರಾಯಿತು. ತಪ್ಪು ಇಂಜಿನಿನದೂ ಅಲ್ಲ, ನನ್ನದೂ ಅಲ್ಲ.

ಪೆಟ್ರೋಲನ್ನು ಗಾಜಿನ ಲೋಟಕ್ಕೆ ಹಾಕಿ ಇಟ್ಟರೆ, ನೀರಿದ್ದರೆ ತಳದಲ್ಲಿ ಹನಿಯಾಗಿ ನಿಲ್ಲುತ್ತದೆ. ಸಾಹೇಬರ ಮನೆಯ ಶರಬತ್ತಿನ ಲೋಟವೊಂದನ್ನು ಅಡುಗೆಮನೆಯಿಂದ ತರಿಸಿ, ತುಂಬಿ, ಸ್ವಲ್ಪ ಹೊತ್ತು ಬಿಟ್ಟು ನೋಡಿದೆ. ತಳದಲ್ಲಿ ಎರಡು ಹನಿ! ಅದನ್ನು ಮೆರವಣಿಗೆಯಲ್ಲಿ ಒಯ್ಯುವ ಹಾಗೆ ಎರಡೂ ಕೈಯಲ್ಲಿ ಹಿಡಿದು ಸಾಹೇಬರ ಮುಂದೆ ಇಟ್ಟೆ. ಆ ಲೋಟ ಆಗತಾನೇ ತೊಳೆದಿಟ್ಟದ್ದು ಎಂಬುದು ತರುವಾಗಲೇ ನನ್ನ ಬೆರಳಿಗೆ ತಾಕಿತ್ತು. ಬೆರಳಿಗೆ ತಾಕಿದ್ದನ್ನು ನಾನು ತಲೆಯವರೆಗೆ ಬರಗೊಡಲಿಲ್ಲ.

ಅಂಬಾರಾಯನನ್ನು ಕರೆಸಿದರು. ಅವನು ಲೋಟವನ್ನು ನೋಡಿದ, ನನ್ನನ್ನು ನೋಡಿದ. "ನೀರಿದ್ರ ನಾಲ್ಕಕ್ಕೂ ಹೋಗಬೇಕಲ್ರಿ, ಒಂದಕ್ಕೇ ಹ್ಯಾಂಗ ಹೋಗ್ತದ? ಓಡಾಗೂ ಕೆಮ್ಮಬೇಕಲ್ಲ, ನಿಂತಾಗ ಅಷ್ಟೇ ಯಾಕ ಕೆಮ್ತದ?" ಎಂದ.

ಉತ್ತರ ಇಲ್ಲದಾಗ ನನಗೆ ಸಿಟ್ಟು ಬರುತ್ತದೆ. "ನನಗ ಇಂಜಿನ್ ಕಲಸ್ತೀಯೇನಲೇ? ಹನಿ ಕಣ್ಣಿಗಿ ಕಾಣಾಕತ್ತಾವಿಲ್ಲೋ?" ಎಂದು ಕೂಗಾಡಿದೆ. ಸಾಹೇಬರು ಮೃದು ಸ್ವಭಾವದವರು, ಆದರೂ ಹನಿ ಕಾಣುತ್ತಿತ್ತು. "ನಾಳಿಂದ ಬರಬ್ಯಾಡಪ್ಪ ಅಂಬಾರಾಯ" ಎಂದರು. ಅವನು ಹೆಗಲ ಮೇಲಿನ ಒರೆಸುವ ಬಟ್ಟೆಯನ್ನು ಮಡಚಿ ಗಾಡಿಯ ಮೂತಿಯ ಮೇಲಿಟ್ಟು ಹೋದ.

ನಾನು ಅಲ್ಲಿಗೂ ಬಿಡಲಿಲ್ಲ. ನನ್ನ ಬಾಯಿಗಿಷ್ಟು ಮಣ್ಣು ಬೀಳಲಿ, ನೆಟ್ಟಗೆ ಚಹಾದ ಅಂಗಡಿಗೆ ಹೋಗಿ ಗಾಡಿಯ ರೋಗ ಪತ್ತೆಹಚ್ಚಿದ ಕಥೆಯನ್ನು ಮೂರು ಸಲ ಹೇಳಿದೆ. ಸಂಜೆಯೊಳಗೆ ಅವನ ಹೆಸರು ನೀರಿನ ಅಂಬಾರಾಯ ಎಂದಾಯಿತು. ಎರಡು ದಿನಕ್ಕೆ ಬಜಾರದಲ್ಲಿ ಹೆಣ್ಣುಮಕ್ಕಳು, "ಗಂಡ ಪೆಟ್ರೋಲಿಗೇ ನೀರು ಹಾಕ್ಯಾನಂತ, ಹೆಂಡತಿ ಹಾಲಿಗಿ ಬಿಟ್ಟಾಳೇನು?" ಎನ್ನತೊಡಗಿದರು. ಅವಳು ತುಂಬಿದ ಕೊಡ ಹೊತ್ತು ಬಂದು, ತುಂಬಿದ ಕೊಡವನ್ನೇ ಹೊತ್ತು ಮನೆಗೆ ಹೋಗುವುದನ್ನು ನಾನೇ ಕಣ್ಣಾರೆ ಕಂಡೆ. ಅಂಬಾರಾಯ ಶಹಾಬಾದಿನ ಹತ್ತಿರ ಇನ್ಯಾರದೋ ಗಣಿಯಲ್ಲಿ ಕಲ್ಲು ಎಬ್ಬಿಸಲು ಹೋದ ಎಂದು ಕೇಳಿದೆ. ಗಾಡಿಗೆ ಬೇರೆ ಅಂಗಡಿಯಿಂದ ಹೊಸ ಪೆಟ್ರೋಲು ಬಂತು. ನಡುಕ ಹಾಗೇ ಇತ್ತು. ಹಳೆಯ ಪೆಟ್ರೋಲಿನ ನೀರು ಇನ್ನೂ ಒಳಗೆ ಉಳಿದಿದೆ ಎಂದೆ.

ಮುಂಗಾರು ಶುರುವಾಗುವ ಮಿರುಗದ ಮೊದಲ ಮಳೆಯ ದಿನ ಬೇಗಂ ಅವರು ಸೊಲ್ಲಾಪುರದ ತಂಗಿಯ ಮನೆಗೆ ಹೊರಟರು. ವಾಡಿಯಲ್ಲಿ ರೈಲು ಹತ್ತಬೇಕು. ಊರಿನ ಹೊರಗೆ ರೈಲ್ವೆ ಗೇಟು ಹಾಕಿತ್ತು, ಗಾಡಿ ನಿಲ್ಲಿಸಿದೆ. ಮಳೆ ಧೋ ಎಂದು ಸುರಿಯುತ್ತಿದೆ, ಗಾಡಿ ಗಡಗಡ ನಡುಗುತ್ತಿದೆ. ಗಾಜಿನ ಮೇಲಿನ ನೀರು ಒರೆಸುವ ಕಡ್ಡಿಯನ್ನು ಆ ವರ್ಷ ಮೊದಲ ಸಲ ಚಾಲೂ ಮಾಡಿದೆ. ಅದು ಅರ್ಧ ಗಾಜು ಏರಿ ಅಲ್ಲೇ ನಿಂತುಬಿಟ್ಟಿತು.

ಆಗ ಪರದೆಯೊಳಗಿಂದ ಬೇಗಂ ಮಾತಾಡಿದರು, ನನ್ನೊಂದಿಗಲ್ಲ. ನಮ್ಮಿಬ್ಬರ ನಡುವೆ ಇದ್ದದ್ದು ಒಂದು ಬಟ್ಟೆ, ಆದರೂ ಅವರ ಮಾತು ಹಿಂದೆ ಕೂತ ಸಾಹೇಬರಿಗೆ ಹೋಗಿ ನನಗೆ ಬರಬೇಕು. ಅದು ಪದ್ಧತಿ.

"ಕೇಳ್ರಿ, ಆ ಡ್ರೈವರಗ ಹೇಳ್ರಿ. ನನ್ನ ಕಿವಿ ಬಾಜೂಕ ಮತ್ತ ಸುಸ್ ಅನ್ಲಿಕತ್ತದ."

"ರೇವಣಪ್ಪಾ, ಕಿವಿ ಬಾಜೂಕ ಸುಸ್ ಅನ್ಲಿಕತ್ತದಂತ."

"ಮಳಿಗಾಳಿ ಇರ್ಬೇಕು ಅಂತ ಹೇಳ್ರಿ ಸಾಹೇಬರ."

"ಮಳಿಗಾಳಿ ಅಂತ."

"ಒಂದು ತಿಂಗಳಿಂದ ಹೇಳ್ಲಿಕತ್ತೀನಿ. ತಿಂಗಳಿಂದ ಮಳಿ ಇತ್ತೇನು ಅಂತ ಕೇಳ್ರಿ!"

ಸಾಹೇಬರು ಕೆಮ್ಮಿದರು. ಈ ಸುಸ್ ಸುದ್ದಿ ಅವರಿಗೆ ತಿಂಗಳಿಂದ ತಲುಪಿತ್ತು. ಇಂಜಿನಿನ ವಿಷಯ ಹೆಂಗಸರಿಗೇನು ಗೊತ್ತು ಎಂದು ಅವರು ನನಗೆ ದಾಟಿಸಿರಲಿಲ್ಲ. ಅಷ್ಟರಲ್ಲಿ ಇಂಜಿನ್ ಸತ್ತಿತು. ಈಗ ಹ್ಯಾಂಡಲ್ ತಿರುಗಿಸಲು ಅಂಬಾರಾಯನಿಲ್ಲ. ಮಳೆಯಲ್ಲಿ ಇಳಿದು ನಾನೇ ತಿರುಗಿಸಿದೆ. ಅದು ಹಿಂದಕ್ಕೆ ಒದ್ದು ಮುಂಗೈ ಮುರಿದಷ್ಟು ಮಾಡಿತು. ಐದನೆಯ ಸಲಕ್ಕೆ ಇಂಜಿನ್ ಎದ್ದಿತು, ತೊಪ್ಪನೆ ತೊಯ್ದು ಒಳಗೆ ಬಂದು ಕೂತೆ. ಮತ್ತೆ ಗಡಗಡ.

ಬೇಗಂ ಅವರಿಗೆ ತಡೆಯಲಾಗಲಿಲ್ಲ. "ಏ ರೇವಣಪ್ಪಾ!" ಎಂದರು, ನೇರ ನನಗೇ. ಅವರ ಮನೆಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ನನ್ನ ಹೆಸರನ್ನು ಅವರ ಬಾಯಲ್ಲಿ ಕೇಳಿದ್ದು ಅದೇ ಮೊದಲು. ಎಲ್ಲಿ ನೋಡಬೇಕೋ ತಿಳಿಯದೆ ಸ್ಟೇರಿಂಗು ನೋಡುತ್ತ ಕೂತೆ. "ನಿನ್ನ ಕಿವ್ಯಾಗ ಹತ್ತಿ ತುರುಕ್ಕೊಂಡೀಯೇನು? ಗಾಡಿ ನಿಂತಾಗ ಇದು ಸುಸ್ ಅಂತದ, ಓಡಾಗ ಸುಮ್ಮನಾಗ್ತದ. ಈಗ ನೋಡು ಮತ್ತ!"

ಪರದೆಯೊಳಗೆ ಅವರು ಓಢಣಿಯ ತುದಿಯನ್ನು ಮಳೆನೀರಿಗೆ ಒಡ್ಡಿ, ಆ ಹಸಿಬಟ್ಟೆಯನ್ನು ಕಂಬದ ಮೊಳೆಯ ಸುತ್ತ ಗಟ್ಟಿಯಾಗಿ ಒತ್ತಿದರಂತೆ. ನನಗೆ ಕಂಡದ್ದು ಇಷ್ಟು. ನಡುಕ ನಿಂತಿತು. ಇಂಜಿನ್ ತೊಟ್ಟಿಲಲ್ಲಿ ಮಲಗಿದ ಕೂಸಿನ ಹಾಗೆ ಉಸಿರಾಡತೊಡಗಿತು. ಅರ್ಧಕ್ಕೆ ನಿಂತಿದ್ದ ಕಡ್ಡಿ ದಡಕ್ಕನೆ ಎದ್ದು ಗಾಜು ಒರೆಸಿತು, ಮುಂದಿನ ಗೇಟು ಸ್ವಚ್ಛ ಕಂಡಿತು. ಅವರು ಬಟ್ಟೆ ತೆಗೆದರು, ಗಡಗಡ. ಒತ್ತಿದರು, ಶಾಂತ.

"ತಿಂಗಳಿಂದ ನಾ ಬೆರಳ ಒತ್ತಿ ಒತ್ತಿ ಇದೇ ಆಟ ಆಡ್ಲಿಕತ್ತೀನಿ, ಬೆರಳಿಗಿ ಪೂರಾ ಮುಚ್ತಿದ್ದಿಲ್ಲ" ಎಂದರು ಬೇಗಂ.

ಆಗ ನನಗೆ ಎಲ್ಲ ಹೊಳೆಯಿತು. ಆ ಕಡ್ಡಿ ಕರೆಂಟಿನಿಂದ ತಿರುಗುತ್ತದೆ ಎಂದು ಊರಿಗೆಲ್ಲ ಹೇಳಿದ್ದವನು ನಾನು. ಅದು ತಿರುಗುವುದು ಇಂಜಿನ್ ಗಾಳಿ ಎಳೆದುಕೊಳ್ಳುವ ಬಲದಿಂದ. ನಾಲ್ಕನೆಯ ಸಿಲಿಂಡರಿನ ಪಕ್ಕದಿಂದ ಹೊರಟ ರಬ್ಬರಿನ ನಳಿಗೆ ಆ ಕಂಬದ ಒಳಗಿಂದಲೇ ಮೇಲಕ್ಕೆ ಹೋಗಿತ್ತು. ಅದರ ಹೊಟ್ಟೆಗೆ ನಾನು ನಾಲ್ಕಂಗುಲದ ಮೊಳೆ ಹೊಡೆದಿದ್ದೆ. ಆ ತೂತಿನಿಂದ ಬೇಡದ ಗಾಳಿ ನುಗ್ಗಿ ನಾಲ್ಕನೆಯದರ ಉಸಿರು ಕೆಡಿಸುತ್ತಿತ್ತು. ನಿಂತಾಗ ಇಂಜಿನಿನ ಎಳೆತ ಹೆಚ್ಚು, ಅದಕ್ಕೇ ಆಗಷ್ಟೇ ಸುಸ್. ಏಳು ಪೆಟ್ಟೂ ಹೆಬ್ಬೆರಳಿಗೇ ಬಿದ್ದಿದ್ದರೆ ಎಷ್ಟು ಚೆನ್ನಾಗಿತ್ತು!

"ಈ ಮೊಳಿ ಹೊಡದವ ಯಾಂವ?" ಎಂದರು ಸಾಹೇಬರು. "ಅಂಬಾರಾಯ ಏನು?"

ಹೌದು ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದು ಕೂತಿತ್ತು, ಸುಳ್ಳೇಕೆ ಹೇಳಲಿ? ಅವನು ಹೇಗೂ ಹೋಗಿದ್ದ. ನೀರಿನ ಮೇಲೆ ಒಂದು ಮೊಳೆ, ಅವನಿಗೇನು ಭಾರ? ನಾನು ಬಾಯಿ ತೆರೆದೆ.

"ತಡೀರಿ, ಅಂವನೇ ಹೇಳ್ತಾನ" ಎಂದರು ಬೇಗಂ ಪರದೆಯೊಳಗಿಂದ, ತಣ್ಣಗೆ. "ನಾ ಅವತ್ತ ಜಾಳಿ ಕಿಟಕ್ಯಾಗ ಕುಂತಿದ್ದೆ. ಮೊಳಿ ಹೊಡ್ಯಾಂವ ಅಂಗಳ ತುಂಬ ಕುಣದಾಡಿದ್ದ."

"ನಾನೇ ಹೊಡದೀನ್ರಿ" ಎಂದೆ. ಆಮೇಲೆ ತೊಳೆದ ಲೋಟದ ಮಾತೂ ಹೊರಗೆ ಬಂತು. ಬೇಗಂ ಹಾಗೆ ಹೇಳದಿದ್ದರೆ ನಾನು ನಿಜ ಹೇಳುತ್ತಿದ್ದೆನೋ ಇಲ್ಲವೋ ಗೊತ್ತಿಲ್ಲ ಎಂದು ಬಹಳ ವರ್ಷ ಜನರಿಗೆ ಹೇಳುತ್ತಿದ್ದೆ. ಗೊತ್ತಿಲ್ಲ ಎನ್ನುವುದೇನು, ಹೇಳುತ್ತಿರಲಿಲ್ಲ.

ರೈಲು ಹೋಯಿತು, ಗೇಟು ತೆರೆಯಿತು. ಆಮೇಲೆ ಸಾಹೇಬರು, "ಅವನ್ನ ಕರಕೊಂಡು ಬಾ. ಅಂವ ಬಂದ್ರ ನೀನೂ ಇರು. ಬರಲಿಲ್ಲಂದ್ರ ನೀನೂ ಬರಬ್ಯಾಡ" ಎಂದರು.

ಶಹಾಬಾದಿನ ಗಣಿಯಲ್ಲಿ ಅಂಬಾರಾಯ ಸೊಂಟದವರೆಗೆ ಬಿಳಿ ಧೂಳು ಮೆತ್ತಿಕೊಂಡು ಹಾರೆ ಹಾಕುತ್ತಿದ್ದ. ಎಲ್ಲ ಹೇಳಿ ಕೈ ಮುಗಿದೆ. ಅವನು ಬೈಯುತ್ತಾನೆ, ನಾನು ತಲೆ ತಗ್ಗಿಸಿ ಕೇಳಿಸಿಕೊಂಡು ಹಗುರಾಗುತ್ತೇನೆ ಎಂದು ಲೆಕ್ಕ ಹಾಕಿದ್ದೆ. ಅವನು ಬೈಯಲಿಲ್ಲ.

"ಬರ್ತೀನ್ರಿ. ಖರೆ ಮೊದ್ಲ ನನ್ನ ಹೆಂಡತಿ ಹಾಲು ಮಾರಿ ಹೋಗಬೇಕು. ಎಲ್ಲಿ ಹೇಳೀರಿ ಅಲ್ಲೇ ಹೇಳ್ರಿ."

ಚಿತ್ತಾಪುರದ ಸಂತೆಯ ದಿನ, ನಳಿಗೆ ಬದಲಿಸಿದ ಗಾಡಿಯನ್ನು ಚಹಾದ ಅಂಗಡಿಯ ಮುಂದೆ ನಿಲ್ಲಿಸಿ, ಖಾಕಿ ಕೋಟು ಹಾಕಿಕೊಂಡೇ ಅದರ ಪಕ್ಕದ ಪಾವಟಿಗೆಯ ಮೇಲೆ ಹತ್ತಿ ನಿಂತೆ. ಕಂಬದಿಂದ ಕಿತ್ತ ಡೊಂಕು ಮೊಳೆಯನ್ನು ಎತ್ತಿ ಹಿಡಿದೆ. "ಅಂಬಾರಾಯ ನೀರು ಹಾಕಿಲ್ರೀ! ಲೋಟ ಹಸಿ ಇತ್ತು, ನನಗ ಗೊತ್ತಿತ್ತು! ಗಾಡಿ ಕೆಡಿಸಿದ ಮೊಳಿ ಇದು, ಹೊಡದಾಂವ ನಾನು!" ಕಾಲು ನಡುಗುತ್ತಿದ್ದವು. ಗಾಡಿ ಮಾತ್ರ ಒಂದಿಷ್ಟೂ ನಡುಗುತ್ತಿರಲಿಲ್ಲ. ಮೊದಲು ಯಾರೋ ಒಬ್ಬ ನಕ್ಕ, ಆಮೇಲೆ ಇಡೀ ಸಂತೆ ನಕ್ಕಿತು.

ಅಂಬಾರಾಯನ ಹೆಂಡತಿ ನಗಲಿಲ್ಲ. ಹಾಲಿನ ಕೊಡದ ಮುಂದೆ ಕೂತವಳು ಅಂಗಡಿಯ ಒಂದು ಗಾಜಿನ ಲೋಟ ಇಸಿದುಕೊಂಡಳು. ಅದನ್ನು ಬೋರಲು ಮಾಡಿ ಝಾಡಿಸಿದಳು, ಸೆರಗಿನಿಂದ ಒಳಗೂ ಹೊರಗೂ ಒರೆಸಿದಳು, ಎತ್ತಿ ಸುತ್ತಲಿನವರಿಗೆಲ್ಲ ತೋರಿಸಿದಳು. "ನೋಡ್ಕೋರಿ, ಒಣಗ್ಯಾದ" ಎಂದಳು. ಹಾಲು ತುಂಬಿ ನನ್ನ ಕೈಗೆ ಕೊಟ್ಟಳು. ಎಲ್ಲರೆದುರು ಕುಡಿದೆ. ಅಷ್ಟು ಗಟ್ಟಿ ಹಾಲನ್ನು ನುಂಗಲು ನನಗೆ ಭಾಳ ಹೊತ್ತು ಹಿಡಿಯಿತು. ಆವತ್ತು ಅವಳ ಕೊಡ ಖಾಲಿಯಾಗಿ ಮನೆಗೆ ಹೋಯಿತು.

ಸಂಜೆಯೊಳಗೆ ನನ್ನ ಹೆಸರು ಮೊಳೆ ರೇವಣಪ್ಪ ಎಂದಾಗಿತ್ತು. ಮಹಾದೇವಮ್ಮನಿಗೆ ಸಿಟ್ಟು ಬಂದಾಗ ಅವಳೂ ಹಾಗೇ ಕೂಗುತ್ತಾಳೆ. ಸಾಹೇಬರು ತೀರಿಕೊಳ್ಳುವವರೆಗೆ ಹನ್ನೊಂದು ವರ್ಷ ನಾನೂ ಅಂಬಾರಾಯನೂ ಅದೇ ಗಾಡಿಯ ಮೇಲೆ ಕೆಲಸ ಮಾಡಿದೆವು. ಊರೆಲ್ಲ ಕರೆದರೂ ಅವನೊಬ್ಬ ಆ ಹೆಸರಿನಿಂದ ನನ್ನನ್ನು ಒಮ್ಮೆಯೂ ಕರೆಯಲಿಲ್ಲ, ಬೆನ್ನ ಹಿಂದೆಯೂ ಕೂಡ. ಒಂದು ಮುಂಜಾನೆ ತಡೆಯಲಾರದೆ ಕೇಳಿಯೇಬಿಟ್ಟೆ. "ನೀ ಯಾಕೋ ನನ್ನ ಮೊಳಿ ಅನ್ನಂಗಿಲ್ಲ? ಎಲ್ಲರಿಗಿಂತ ಜಾಸ್ತಿ ನಿನಗೇ ಹಕ್ಕದ."

ಅವನು ಬಗ್ಗಿ ಹ್ಯಾಂಡಲ್ ಸಿಕ್ಕಿಸುತ್ತಿದ್ದ. "ಹೆಸರು ಹತ್ತಿದ್ರ ಮನ್ಯಾಗ ಹ್ಯಾಂಗಿರ್ತದ ನನಗ ಗೊತ್ತದ್ರಿ, ರೇವಣಪ್ಪನವರ" ಎಂದು ಹ್ಯಾಂಡಲ್ ತಿರುಗಿಸಿದ. ಇಂಜಿನ್ ಒಂದೇ ಸಲಕ್ಕೆ ಎದ್ದಿತು.